ತೂಕ ಕಮ್ಮಿ ಇರೋ ಮಗುಗೆ ಯಾವ ಡ್ರಾಪ್ಸ್ ಬೇಕು, ಯಾವ್ದು ಬೇಡ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗ ತಿಂಗಳು ತುಂಬಿನೇ ಹುಟ್ಟಿದ್ದು, ಆದ್ರೆ ತೂಕ 2.1 ಕೆಜಿ ಇದ್ದ. ಈಗ ಎರಡೂವರೆ ತಿಂಗಳು, 3.6 ಕೆಜಿ ಆಗಿದಾನೆ, ಎದೆಹಾಲು ಮಾತ್ರ. ಆಸ್ಪತ್ರೆಲಿ ಐರನ್ ಡ್ರಾಪ್ಸ್, ವಿಟಮಿನ್ ಡಿ ಡ್ರಾಪ್ಸ್ ಬರ್ಕೊಟ್ಟಿದ್ರು. ಐರನ್ ಹಾಕಿದ್ಮೇಲೆ ಕಕ್ಕ ಕಪ್ಪಗಾಯ್ತು, ಉಷ್ಣ ಆಗ್ತಿದೆ ಅಂತ ಅತ್ತೆ ನಿಲ್ಲಿಸ್ಬಿಟ್ರು. ನಮ್ಮೆಜಮಾನ್ರು ಬುದ್ಧಿ ಚುರುಕಾಗತ್ತೆ ಅಂತ ಮೆಡಿಕಲ್ ಶಾಪಿಂದ ಡಿಎಚ್‌ಎ ಡ್ರಾಪ್ಸ್ ತಂದಿದಾರೆ. ನಾದಿನಿ ಬಜೆ ತೇದು ನೆಕ್ಕಿಸಿ ಅಂತಾಳೆ. ಯಾವ್ದು ಹಾಕ್ಲಿ, ಯಾವ್ದು ಬಿಡ್ಲಿ?
– ಒಬ್ಬ ತಾಯಿ, ಹಾವೇರಿ

ಉತ್ತರ: ಅಮ್ಮಾ, ಐರನ್ ಹಾಕಿದ್ರೆ ಕಕ್ಕ ಕಪ್ಪಗಾಗೋದು ಮಾಮೂಲು, ಅದು ಉಷ್ಣನೂ ಅಲ್ಲ ಗಿಷ್ಣನೂ ಅಲ್ಲ, ಮೈಗೆ ಹತ್ತದೇ ಉಳಿದ ಕಬ್ಬಿಣ ಹೊರಗೆ ಬರ್ತಿದೆ ಅಷ್ಟೇ. ಮಗು ಹಾಲು ಕುಡ್ಕೊಂಡು ಆಡ್ಕೊಂಡಿದ್ರೆ ನಿಮ್ಮ ಡಾಕ್ಟ್ರಿಗೆ ಒಂದು ಮಾತು ತಿಳಿಸಿ ಮತ್ತೆ ಶುರು ಮಾಡಿ. ನೀವು ಕೇಳಿರೋ ನಾಲ್ಕರಲ್ಲಿ ಮೆದುಳಿಗೆ ನಿಜವಾಗ್ಲೂ ಬೇಕಾಗಿರೋದನ್ನೇ ನಿಲ್ಲಿಸಿ ಕೂತಿದೀರಲ್ಲ ಅಂತ ನಂಗೆ ಬೇಜಾರು.

ಯಾಕಂದ್ರೆ ಮಗು ಹುಟ್ಟಿದ್ಮೇಲೆ ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣನ ಹೊಟ್ಟೆಲಿರೋವಾಗ್ಲೇ, ಅದ್ರಲ್ಲೂ ಕೊನೇ ಮೂರು ತಿಂಗಳಲ್ಲೇ ಹೆಚ್ಚಾಗಿ ತುಂಬ್ಕೊಳತ್ತೆ, ಸಣ್ಣದಾಗಿ ಹುಟ್ಟಿದ ಮಗು ಹತ್ರ ಆ ದಾಸ್ತಾನು ಕಮ್ಮಿ, ಅದರ ಮೇಲೆ ಹುಟ್ಟಿದ್ಮೇಲೆ ಒಂದೇ ಸಮ ಬೆಳೆಯತ್ತೆ, ನಿಮ್ಮ ಮಗನೇ 2.1 ಇದ್ದೋನು 3.6ಕ್ಕೆ ಬಂದ್ನಲ್ಲ, ಅಷ್ಟು ಮೈಗೆ ಹೊಸ ರಕ್ತ ಆಗ್ಬೇಕು, ಇರೋ ಕಬ್ಬಿಣ ಮೊದ್ಲು ರಕ್ತಕ್ಕೆ ಹೋಗತ್ತೆ, ಮೆದುಳಿಗೆ ಉಳಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಮೆದುಳಿನ ನರಗಳ ಮೇಲೆ ಪೊರೆ ಕಟ್ಟೋಕೂ ಕಬ್ಬಿಣ ಬೇಕು, ಅದು ಜೋರಾಗಿ ನಡೆಯೋದು ಈಗ್ಲೇ. ಎದೆಹಾಲಿಗೆ ಸಮ ಇಲ್ಲ ಅನ್ನೋದು ಸರಿ, ಆದ್ರೆ ಅದ್ರಲ್ಲಿ ಕಬ್ಬಿಣ, ವಿಟಮಿನ್ ಡಿ ಎರಡೂ ತೀರಾ ಕಮ್ಮಿ.

ಸ್ವೀಡನ್‌ನಲ್ಲಿ ನಿಮ್ಮ ಮಗನ ತೂಕದವ್ರೇ, 2ರಿಂದ 2.5 ಕೆಜಿ ಒಳಗೆ ಹುಟ್ಟಿದ 285 ಮಕ್ಕಳನ್ನ ತಗೊಂಡು, ಆರು ವಾರದಿಂದ ಆರು ತಿಂಗಳವರೆಗೆ ಕೆಲವ್ರಿಗೆ ಐರನ್ ಕೊಟ್ರು, ಕೆಲವ್ರಿಗೆ ಬರೀ ಸಿರಪ್, ಯಾರ್ಗೆ ಯಾವ್ದು ಅಂತ ಅಪ್ಪ ಅಮ್ಮಂಗೂ ಗೊತ್ತಿಲ್ಲ. ಮೂರೂವರೆ ವರ್ಷ ಆದಾಗ ಐಕ್ಯೂ ನೋಡಿದ್ರೆ ಏನೂ ವ್ಯತ್ಯಾಸ ಇಲ್ಲ! ಆದ್ರೆ ಹಠ, ಸಿಟ್ಟು, ಗಮನ ನಿಲ್ಲದೇ ಇರೋದು, ಇಂಥ ನಡವಳಿಕೆ ತೊಂದ್ರೆ ಐರನ್ ಸಿಗದೇ ಇರೋ ಗುಂಪಲ್ಲಿ ನೂರಕ್ಕೆ ಹೆಚ್ಚೂಕಮ್ಮಿ 13 ಮಕ್ಕಳಿಗೆ ಇತ್ತು, ಸಿಕ್ಕಿದವ್ರಲ್ಲಿ ಬರೀ 3ರ ಆಸುಪಾಸು. ಅದಕ್ಕೇ ನಾನು ‘ಬುದ್ಧಿ ಡ್ರಾಪ್ಸ್’ ಅಂತ ಹೇಳಲ್ಲ, ಬಿಡಬೇಡಿ ಅಂತ ಹೇಳ್ತೀನಿ.

ಅಳತೆ ಮಾತ್ರ ಹುಷಾರು. ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 2 ಮಿಲಿಗ್ರಾಂ ಲೆಕ್ಕ, ನಿಮ್ಮ ಮಗಂಗೆ ಹತ್ರತ್ರ 7 ಆಯ್ತು. ಈಗ ಬಾಟಲಿ ಮೇಲೆ ಓದಿ: 1 ಎಂಎಲ್‌ನಲ್ಲಿ 10 ಮಿಲಿಗ್ರಾಂ ಎಲಿಮೆಂಟಲ್ ಐರನ್ (ಅಂದ್ರೆ ಔಷಧಿಲಿರೋ ಬರೀ ಕಬ್ಬಿಣದ ಲೆಕ್ಕ) ಅಂತಿದ್ರೆ 0.7 ಎಂಎಲ್, 25 ಅಂತಿದ್ರೆ 0.3 ಎಂಎಲ್ ಸಾಕು. ಬ್ರಾಂಡ್ ಬದಲಾದ್ರೆ ಅಳತೆನೂ ಬದಲಾಗತ್ತೆ, ಅಂಗಡಿಯವ್ರು ‘ಎಲ್ಲಾ ಒಂದೇ’ ಅಂತಾರೆ, ಒಂದೇ ಅಲ್ಲ. ಬರೆದ ಡಾಕ್ಟ್ರಿಗೆ ಬಾಟಲಿ ತೋರಿಸಿ ಡ್ರಾಪರ್ ಮೇಲೆ ಗೆರೆ ಹಾಕಿಸ್ಕೊಳ್ಳಿ, ತೂಕ ಜಾಸ್ತಿ ಆದಾಗೆಲ್ಲ ಮತ್ತೆ ಕೇಳಿ. ಮನೇಲಿ ದೊಡ್ಡ ಮಗು ಇದ್ರೆ ಬಾಟಲಿ ಕೈಗೆ ಸಿಗದ ಹಾಗೆ ಎತ್ತಿಡಿ, ಒಟ್ಟಿಗೆ ಕುಡಿದ್ರೆ ಐರನ್ ಜೀವಕ್ಕೇ ಅಪಾಯ.

ವಿಟಮಿನ್ ಡಿ ದಿನಕ್ಕೆ 400 ಯೂನಿಟ್. ಇದೂ ಹಂಗೇ, ಎಂಎಲ್‌ಗೆ 400 ಇರೋದೂ ಬರತ್ತೆ, 800 ಇರೋದೂ ಬರತ್ತೆ. ದೆಹಲಿಲಿ ತಿಂಗಳು ತುಂಬಿ ಕಮ್ಮಿ ತೂಕದಲ್ಲಿ ಹುಟ್ಟಿದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ವಾರಕ್ಕೆ 1400 ಯೂನಿಟ್ ಕೊಟ್ಟು ನೋಡಿದ್ರು, 2011ರಲ್ಲಿ ಫಲಿತಾಂಶ ಬಂತು, ಆರು ತಿಂಗಳಲ್ಲಿ ಉದ್ದ, ತೂಕ ಸ್ವಲ್ಪ ಚೆನ್ನಾಗಾಯ್ತು, ಆಸ್ಪತ್ರೆ ಸೇರೋದೇನೂ ಕಮ್ಮಿ ಆಗ್ಲಿಲ್ಲ. ಮೂಳೆಗೆ ಬೇಕು, ಹಾಕಿ, ಬುದ್ಧಿ ವಿಷ್ಯ ಇದಕ್ಕೆ ಅಂಟಿಸ್ಬೇಡಿ.

ಡಿಎಚ್‌ಎ ಅಂದ್ರೆ ಮೀನೆಣ್ಣೆಲಿರೋ ಒಂದು ಥರದ ಕೊಬ್ಬು, ಅದ್ರ ಬಗ್ಗೆ ನಿಮ್ಮೆಜಮಾನ್ರು ಪೂರ್ತಿ ತಪ್ಪೇನಲ್ಲ. ಆಸ್ಟ್ರೇಲಿಯಾ ಕಡೆ ಒಂದು ದೊಡ್ಡ ಅಧ್ಯಯನದಲ್ಲಿ ಡಿಎಚ್‌ಎ ಸಿಕ್ಕ ಮಕ್ಕಳ ಐಕ್ಯೂ ಐದು ವರ್ಷಕ್ಕೆ ಮೂರೂವರೆ ಪಾಯಿಂಟ್‌ನಷ್ಟು ಜಾಸ್ತಿ ಬಂತು, 2022ರಲ್ಲಿ ಸುದ್ದಿಯಾಯ್ತು. ಆದ್ರೆ ಅವು 29 ವಾರ ತುಂಬೋಕ್ ಮುಂಚೆನೇ ಹುಟ್ಟಿದ ಮಕ್ಕಳು, ಐಸಿಯುನಲ್ಲಿ ಹಾಲಿನ ಜೊತೆ ತೂಕ ನೋಡಿ ನೋಡಿ ಕೊಟ್ಟಿದ್ದು, ಅದೇ ಅಧ್ಯಯನದಲ್ಲಿ ಶ್ವಾಸಕೋಶಕ್ಕೆ ಲಾಭ ಇರ್ಲಿ, ತೊಂದ್ರೆನೇ ಸ್ವಲ್ಪ ಜಾಸ್ತಿ ಆಯ್ತೇನೋ ಅನ್ನೋ ಅನುಮಾನನೂ ಬಂದಿತ್ತು. ತಿಂಗಳು ತುಂಬಿ ಹುಟ್ಟಿ ಅಮ್ಮನ ಹಾಲು ಕುಡೀತಿರೋ ಮಗುಗೆ ಆ ಲೆಕ್ಕ ತಂದು ಹಾಕೋಕ್ ಬರಲ್ಲ. ಹಾಲಲ್ಲಿರೋ ಡಿಎಚ್‌ಎ ನೀವು ತಿನ್ನೋದ್ರ ಮೇಲೆ ಹೋಗತ್ತೆ, ಮೀನು ತಿನ್ನೋ ಮನೆಯವ್ರಾದ್ರೆ ಬೂತಾಯಿ, ಬಂಗುಡೆ ತಿನ್ನಿ, ಬಾಣಂತನ ಅಂತ ಬಿಡಬೇಡಿ.

ಬಜೆ ಬೇಡ. ಮಾತು ಬೇಗ ಬರತ್ತೆ ಅಂತ ನಮ್ಮಜ್ಜಿನೂ ತೇದವ್ರೇ. ಎಷ್ಟು ತೇದ್ರೆ ಎಷ್ಟು ಹೊಟ್ಟೆಗೆ ಹೋಯ್ತು ಅನ್ನೋ ಅಳತೆನೇ ಇಲ್ಲ, ಜಾಸ್ತಿಯಾದ್ರೆ ವಾಂತಿ ಆಗತ್ತೆ, ತೇಯೋ ಕಲ್ಲು ಎಷ್ಟು ಕ್ಲೀನು ಅನ್ನೋದು ಬೇರೆ ಮಾತು.

ಪ್ರಶ್ನೆ: ಮಗಳು 31 ವಾರಕ್ಕೆ ಹುಟ್ಟಿದ್ಳು, 1.3 ಕೆಜಿ. ಈಗ ಏಳು ತಿಂಗಳು, ಇನ್ನೂ ಕೂರಲ್ಲ. ಪಕ್ಕದ್ಮನೆ ಮಗು ಅದೇ ವಯಸ್ಸು, ಜಮ್ ಅಂತ ಕೂರತ್ತೆ. ಮೆದುಳು ಬೆಳೆಯೋಕೆ ಯಾವ್ದಾದ್ರೂ ಟಾನಿಕ್ ಹೇಳಿ.
– ಒಬ್ಬ ತಂದೆ, ತುಮಕೂರು

ಉತ್ತರ: ಸ್ವಾಮಿ, ಒಂಬತ್ತು ವಾರ ಮುಂಚೆ ಬಂದಿದಾಳೆ ನಿಮ್ಮ ಮಗಳು, ಆ ಎರಡು ತಿಂಗಳು ಕಳೆದು ನೋಡಿ, ಲೆಕ್ಕಕ್ಕೆ ಅವ್ಳಿಗೆ ಐದು ತಿಂಗಳು. ಐದಕ್ಕೆ ಕೂರದಿದ್ರೆ ಗಾಬರಿ ಬೇಡ. ಕುತ್ತಿಗೆ ನಿಂತಿದ್ಯಾ, ಮುಖ ನೋಡಿ ನಗ್ತಾಳಾ, ಕೈ ಮುಷ್ಟಿ ಬಿಟ್ಟಿದಾಳಾ, ಎರಡೂ ಕೈ ಒಂದೇ ಥರ ಆಡಿಸ್ತಾಳಾ ನೋಡ್ಕೊಳ್ಳಿ, ಒಂದಕ್ಕೆ ಇಲ್ಲ ಅಂತ ಬಂದ್ರೂ ಜಿಲ್ಲಾಸ್ಪತ್ರೆಲಿ ಮಕ್ಕಳ ಬೆಳವಣಿಗೆ ನೋಡೋ ವಿಭಾಗಕ್ಕೆ ಕರ್ಕೊಂಡು ಹೋಗಿ.

ಟಾನಿಕ್‌ಗಿಂತ ಮುಂಚೆ ನಾನು ಕೇಳೋದು ಕಣ್ಣು, ಕಿವಿ ಟೆಸ್ಟ್ ಆಗಿದ್ಯಾ ಅಂತ. 2 ಕೆಜಿಗಿಂತ ಕಮ್ಮಿ ಹುಟ್ಟಿದ ಮಕ್ಕಳ ಕಣ್ಣಿನ ಹಿಂದಿರೋ ಪರದೆಯನ್ನ (ರೆಟಿನಾ) ಹುಟ್ಟಿ ನಾಲ್ಕು ವಾರದೊಳಗೆ ನೋಡ್ಬೇಕು, ನಮ್ಮ ರಾಜ್ಯದಲ್ಲಿ 2008ರಿಂದ ನಾರಾಯಣ ನೇತ್ರಾಲಯದವ್ರು ಕಿಡ್ರಾಪ್ ಅಂತ ಕ್ಯಾಮರಾ ಹೊತ್ಕೊಂಡು ಜಿಲ್ಲೆ ಜಿಲ್ಲೆ ಸುತ್ತಿ ಈ ಟೆಸ್ಟ್ ಮಾಡ್ತಿದಾರೆ. ನಿಮ್ದು ತಪ್ಪಿದ್ರೆ ಈ ವಾರಾನೇ ಮಾಡ್ಸಿ. ಕಣ್ಣು ಕಾಣದೇ ಕಿವಿ ಕೇಳದೇ ಇದ್ರೆ ಯಾವ ಪೌಡರ್ ಏನ್ ಮಾಡತ್ತೆ ಹೇಳಿ.

ಜಮೈಕಾದ ಕಥೆ ಒಂದು ಹೇಳ್ಬೇಕು. 1980ರ ದಶಕದಲ್ಲಿ ಕಿಂಗ್‌ಸ್ಟನ್‌ನಲ್ಲಿ ಕುಳ್ಳಗೇ ಉಳಿದ 129 ಬಡಮಕ್ಕಳಲ್ಲಿ ಕೆಲವ್ರಿಗೆ ಎರಡು ವರ್ಷ ವಾರಕ್ಕೊಂದು ಕೆಜಿ ಹಾಲಿನ ಪೌಡರ್, ಕೆಲವ್ರ ಮನೆಗೆ ವಾರಕ್ಕೊಂದು ಗಂಟೆ ಕಾರ್ಯಕರ್ತೆ ಹೋಗಿ ಅಮ್ಮಂಗೆ ಮಗು ಜೊತೆ ಆಡೋದು ಮಾತಾಡೋದು ಹೇಳ್ಕೊಡೋದು, ಕೆಲವ್ರಿಗೆ ಎರಡೂ. ಮೊದ್ಲು ಎಲ್ಲರ್ಗೂ ಲಾಭ ಆಯ್ತು. ಹಾಲಿನ ಲಾಭ ಬರ್ತಾ ಬರ್ತಾ ಕರಗೋಯ್ತು, ಆಟದ್ದು ಉಳೀತು, 22 ವರ್ಷಕ್ಕೆ ಆ ಮಕ್ಕಳ ಸಂಬಳ ಆಟ ಸಿಗದವ್ರಿಗಿಂತ ನೂರಕ್ಕೆ 25ರಷ್ಟು ಜಾಸ್ತಿ! ಆಮೇಲೆ ಕಮ್ಮಿ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲೂ ಅಲ್ಲೇ ಮಾಡಿದ್ರು, ಅಲ್ಲೂ ಆಟ ಕೆಲಸ ಮಾಡ್ತು. ನಿಮ್ಮ ಮನೇಲಿ ಸ್ಟೀಲ್ ಲೋಟ, ಚಮಚ, ನಿಮ್ಮ ಮುಖ ಇದ್ರೆ ಸಾಕು. ಸ್ನಾನ ಮಾಡಿಸ್ತಾ, ಬಟ್ಟೆ ಮಡಿಸ್ತಾ ಮಾತಾಡ್ತಾ ಇರಿ, ಅವ್ಳು ‘ಆ’ ಅಂದ್ರೆ ನೀವೂ ‘ಆ’ ಅನ್ನಿ, ಕಾದು ನೋಡಿ, ಮೊಬೈಲ್ ಮಾತ್ರ ಕೊಡಬೇಡಿ. ಐರನ್, ವಿಟಮಿನ್ ಡಿ ನಡೀತಾ ಇರ್ಲಿ. ರಾಗಿ ಸರಿ ಯಾವಾಗ ಶುರು ಮಾಡೋದು ಅನ್ನೋದನ್ನ ಕುತ್ತಿಗೆ ನೋಡಿ ಡಾಕ್ಟ್ರು ಹೇಳ್ತಾರೆ.

ಪ್ರಶ್ನೆ: ಪುಷ್ಯ ನಕ್ಷತ್ರದ ದಿನ ಸ್ವರ್ಣಬಿಂದು ಹಾಕಿಸ್ಬಹುದಾ? ಮಗು ಎಂಟು ತಿಂಗಳು, ಹುಟ್ಟಿದಾಗ 1.9 ಕೆಜಿ.
– ಓದುಗರು, ಶಿವಮೊಗ್ಗ

ಉತ್ತರ: ಅದ್ರಲ್ಲಿ ಸಾಮಾನ್ಯವಾಗಿ ಜೇನು ಇರತ್ತೆ, ವರ್ಷ ತುಂಬದ ಮಗುಗೆ ಜೇನು ಕೂಡ್ದು, ಬೊಟುಲಿಸಂ ಅಂತ ನರಕ್ಕೆ ಬರೋ ಕಾಯಿಲೆ ಭಯ ಇದೆ. ಈಗಂತೂ ಬೇಡ. ಆ ದಿನ ರಜ ಹಾಕಿ ಕ್ಯೂ ನಿಲ್ಲೋ ಬದ್ಲು ಮಗುನ ಕರ್ಕೊಂಡು ಹೋಗಿ ಹಿಮೋಗ್ಲೋಬಿನ್ ಒಂದು ನೋಡ್ಸಿ.