ಎಂಟು ಸಾವಿರ ಫೋಟೋಗಳನ್ನು ವರ್ಷದ ಪ್ರಕಾರ ಜೋಡಿಸಿ ಪ್ರಿಂಟ್ ಹಾಕಿಸುವುದು ಹೇಗೆ?

ಹಾರ್ಡ್ ಡಿಸ್ಕ್‌ನಲ್ಲಿ ಎಂಟು ಸಾವಿರ ಫೋಟೋ ಇವೆ, ಹೆಸರೆಲ್ಲ ಬರೀ ನಂಬರು, ಅಪ್ಪನ ಅರವತ್ತರ ಶಾಂತಿಗೆ ಆಲ್ಬಮ್ ಮಾಡಿಸಬೇಕು ಅಂತ ಕೇಳಿದ್ದೀರಿ. ಒಂದೊಂದೇ ತೆರೆದು ನೋಡಿ ಫೋಲ್ಡರಿಗೆ ಹಾಕಲಿಕ್ಕೆ ಹೋಗಬೇಡಿ. ಧಾರವಾಡದಲ್ಲಿ ನಮ್ಮ ಮನೆಯ ಫೋಟೋಗಳನ್ನು ನಾನು ಹಾಗೆ ಶುರು ಮಾಡಿದ್ದೆ. ಒಂದು ವಾರ ಸುಮ್ನೆ ಹೋಯಿತು.

ನಿಮಗೆ ಬೇಕಾದ ತಾರೀಖು ಫೋಟೋ ಫೈಲಿನೊಳಗೇ ಇರುತ್ತದೆ. ಬಟನ್ ಒತ್ತಿದ ಕೂಡಲೇ ದಿನ, ವೇಳೆ, ಕ್ಯಾಮೆರಾ ಮಾಡೆಲ್, ಅಡ್ಡ ಹಿಡಿದಿದ್ದೋ ಉದ್ದ ಹಿಡಿದಿದ್ದೋ ಎಲ್ಲ ಅದರಲ್ಲಿ ಸೇರುತ್ತದೆ. ಇದಕ್ಕೆ ಎಕ್ಸಿಫ್ ಅಂತಾರೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಜಾಗವೂ ಸೇರುತ್ತದೆ. ಕಂಪ್ಯೂಟರ್ ತೋರಿಸುವ ‘ಬದಲಾದ ದಿನಾಂಕ’ ಬೇರೆ, ಫೈಲು ತಿದ್ದಿದರೆ ಅದು ಬದಲಾಗುತ್ತದೆ. ನೀವು ನೋಡಬೇಕಾದ್ದು ‘ತೆಗೆದ ದಿನಾಂಕ’. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್ ಆ ದಿನಾಂಕವನ್ನೇ ಓದಿ ಸಾವಿರಾರು ಫೈಲುಗಳಿಗೆ ಒಟ್ಟಿಗೆ ಹೆಸರಿಡುತ್ತದೆ. ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಹೆಸರಿಡಿ, ಆಗ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಇದಕ್ಕೆ ಕಮಾಂಡ್ ಟೈಪ್ ಮಾಡಬೇಕಾಗುತ್ತದೆ, ಅದು ಕಷ್ಟ ಅನಿಸಿದರೆ ಡಿಜಿಕ್ಯಾಮ್ ಎಂಬ ಸಾಫ್ಟ್‌ವೇರ್ ಬಳಸಿ, ಅದೂ ಉಚಿತ. ಏನೇ ಮಾಡುವ ಮೊದಲು ಇನ್ನೊಂದು ಡಿಸ್ಕಿಗೆ ಪೂರ್ತಿ ಕಾಪಿ ತೆಗೆದಿಡಿ.

ಹೆಚ್ಚು ತೊಂದರೆ ಕೊಡುವುದು ಕ್ಯಾಮೆರಾದ ಗಡಿಯಾರ. 2009ರ ಮೇನಲ್ಲಿ ಗದಗಿನಲ್ಲಿ ನಮ್ಮ ಮನೆಯ ಮದುವೆ ಇತ್ತು. ಎರಡು ಕ್ಯಾಮೆರಾ. ಕಾಕಾನ ಕ್ಯಾಮೆರಾದ ಬ್ಯಾಟರಿ ಪೂರ್ತಿ ಇಳಿದು ತಾರೀಖು 2005ರ ಜನವರಿ 1ಕ್ಕೆ ಹೋಗಿತ್ತು. ಹೀಗಾಗಿ ಅರ್ಧ ಮದುವೆ ನಾಲ್ಕು ವರ್ಷ ಹಿಂದೆ ಹೋಗಿ ಕೂತಿತ್ತು. ಅಕ್ಕಿಕಾಳು ಬೀಳುವ ಗಳಿಗೆ ಎರಡೂ ಕ್ಯಾಮೆರಾದಲ್ಲಿ ಸಿಕ್ಕಿತ್ತು, ನನಗೆ ಅದೇ ಆಧಾರವಾಯಿತು. ಒಂದರಲ್ಲಿ 12:35, ಇನ್ನೊಂದರಲ್ಲಿ ಬೆಳಗಿನ ಜಾವ 3:40. ಎರಡರ ನಡುವಿನ ಅಂತರ ಲೆಕ್ಕ ಹಾಕಿ, ಕಾಕಾನ ಕ್ಯಾಮೆರಾದ ಎಲ್ಲ ಫೋಟೋಗಳಿಗೂ ಅಷ್ಟನ್ನೇ ಕೂಡಿಸಿದೆ. ಮದುವೆ ಮತ್ತೆ ಒಂದೇ ದಿನದ್ದಾಯಿತು. ಹೀಗೆ ವೇಳೆ ಸರಿಸುವ ಸೌಲಭ್ಯ ಎಕ್ಸಿಫ್‌ಟೂಲ್, ಡಿಜಿಕ್ಯಾಮ್ ಎರಡರಲ್ಲೂ ಇದೆ.

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋಗಳಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಫೈಲಿನ ಹೆಸರಲ್ಲಿ ಕಾಣುವ ತಾರೀಖು ನಿಮಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಬೀಗರ ಹತ್ತಿರ ಮೂಲ ಫೋಟೋ ಇದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ತಾರೀಖು ಕ್ಯಾಮೆರಾಕ್ಕೆ ಗೊತ್ತು, ಫೋಟೋದಲ್ಲಿ ಇರುವವರು ಯಾರು ಅಂತ ಗೊತ್ತಿಲ್ಲ. ಮದುವೆಯ ಮರುದಿನ ಎಲ್ಲರೂ ಲಕ್ಕುಂಡಿಗೆ ಹೋಗಿದ್ದೆವು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಒಂಬತ್ತು ಜನ ನಿಂತಿರುವ ಒಂದು ಫೋಟೋ ಇದೆ. ನನಗೆ ಗುರುತು ಸಿಕ್ಕಿದ್ದು ಐದೇ ಜನರದ್ದು. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕನ್ನಡಕ ಏರಿಸಿ ಸ್ಕ್ರೀನಿನ ಮೇಲೆ ಬೆರಳಿಟ್ಟಳು. “ಈ ಹಸರ ಸೀರಿಯಾಕಿ ಹಾವೇರಿ ಅತ್ತಿ. ಅಕಿ ಬಗಲಾಗಿನ ಕೂಸು ಈ ವರ್ಷ ಎಸ್‌ಎಸ್‌ಎಲ್‌ಸಿ.” ಆಮೇಲೆ ತುಸು ಹೊತ್ತು ಸುಮ್ಮನಿದ್ದು, “ನಿಮ್ಮಜ್ಜ ಊರ ಬಿಟ್ಟು ಹೊರಗ ಬಂದಿದ್ದು ಅದಽ ಕಡೀ ಸಲ” ಅಂದಳು. ಅದನ್ನೂ ಬರೆದುಕೊಂಡೆ.

ಹೀಗೆ ಬರೆದದ್ದು ಫೈಲಿನೊಳಗೇ ಹೋಗಬೇಕು. ಡಿಜಿಕ್ಯಾಮ್ ಸೆಟ್ಟಿಂಗ್‌ನಲ್ಲಿ ಶೀರ್ಷಿಕೆ, ಹೆಸರುಗಳನ್ನು ಫೈಲಿಗೇ ಬರೆಯುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಅದರ ಡೇಟಾಬೇಸಿನಲ್ಲಿ ಮಾತ್ರ ಉಳಿಯುತ್ತದೆ. ಕನ್ನಡದಲ್ಲೇ ಬರೆಯಬಹುದು. ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರ ಟೇಕ್‌ಔಟ್ ಮಾಡಿದಾಗ, ಅಂದರೆ ಅಲ್ಲಿಂದ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡಾಗ, ಬೇರೆ ಫೈಲಿನಲ್ಲಿ ಬರುತ್ತದೆ, ಅದಕ್ಕೇ ನಾನು ಅಲ್ಲಿ ಬರೆಯುವುದಿಲ್ಲ.

ಪ್ರಿಂಟಿಗೆ ಬಂದರೆ, 4x6 ಇಂಚಿಗೆ 1200x1800 ಪಿಕ್ಸೆಲ್ ಇದ್ದರೆ ಚೆನ್ನಾಗಿ ಬರುತ್ತದೆ. 8x12ಕ್ಕೆ ಅದರ ಎರಡು ಪಟ್ಟು, ಅಂದರೆ 2400x3600 ಬೇಕು. ಮೊಬೈಲ್ ಫೋಟೋದ ಅಳತೆ ಸಾಮಾನ್ಯವಾಗಿ 4:3, ಪ್ರಿಂಟಿನದು 3:2. ಸ್ಟುಡಿಯೋದವರು ಕಾಗದ ತುಂಬುವಂತೆ ಹಾಕಿದರೆ ಹಿಂದಿನ ಸಾಲಿನವರ ತಲೆ ಹೋಗುತ್ತದೆ. ಗ್ರೂಪ್ ಫೋಟೋಗಳಿಗೆ ‘ಕಟ್ ಮಾಡಬೇಡಿ, ಬಿಳಿ ಅಂಚು ಬಿಡಿ’ ಅಂತ ಮೊದಲೇ ಹೇಳಿ. ಒಳಗೆ ಬರೆದ ಹೆಸರು ಪ್ರಿಂಟಿನಲ್ಲಿ ತಾನಾಗಿ ಬರುವುದಿಲ್ಲ, ಹಿಂದೆ ಕೈಯಾರೆ ಬರೆಯಬೇಕು. ಬಾಲ್ ಪೆನ್ ಒತ್ತಿ ಬರೆದರೆ ಮುಂದೆ ಅಚ್ಚು ಮೂಡುತ್ತದೆ. ಬೇಗ ಒಣಗುವ ಸಣ್ಣ ತುದಿಯ ಮಾರ್ಕರ್ ತಗೊಳ್ಳಿ, ಒಣಗುವ ತನಕ ಒಂದರ ಮೇಲೊಂದು ಇಡಬೇಡಿ.

ಮೊದಲು ಹತ್ತು ಫೋಟೋ ಮಾತ್ರ ಹಾಕಿಸಿ ಬಣ್ಣ, ಅಂಚು ನೋಡಿ. ಆಮೇಲೆ ಉಳಿದದ್ದು ಕೊಡಿ.