ನಿಲ್ಲಿಸಿದ ಬಸ್ಸು, ನಿಂತುಹೋದ ಬಸ್ಸು

ಮಾನ್ಯರೇ,

ಸಾರಿಗೆ ನಿಗಮಗಳು ಕೊಂಡ ಹೊಸ ಬಸ್ಸುಗಳ ಕುರಿತು ನಮ್ಮ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ಆರು ಪುಟಗಳ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಜಾಗ ಸಾಲದು. ಆದ್ದರಿಂದ ಇತರ ಓದುಗರಿಗಾಗಿ ಸಾರವನ್ನಷ್ಟೇ ಹೇಳುತ್ತೇನೆ. ಮಲೆನಾಡಿನ ನಿಮ್ಮ ಊರಿಗೆ ಸಂಜೆ ಬಂದು ರಾತ್ರಿ ತಂಗಿ, ಬೆಳಿಗ್ಗೆ ಆರೂವರೆಗೆ ಪೇಟೆಗೆ ಹೊರಡುವ ಏಕೈಕ ಸರ್ಕಾರಿ ಬಸ್ಸು ಒಂದೇ ತಿಂಗಳಲ್ಲಿ ಮೂರು ಸಲ ದಾರಿಯಲ್ಲಿ ಕೆಟ್ಟು ನಿಂತಿತು. ಮೂರನೆಯ ಸಲ ಪರೀಕ್ಷೆಗೆ ಹೊರಟಿದ್ದ ಮಕ್ಕಳು ಅಡಿಕೆ ಸಾಗಿಸುವ ಪಿಕಪ್ ಗಾಡಿ ಹತ್ತಬೇಕಾಯಿತು. ಡಿಪೋಗೆ ಹೋಗಿ ಕೇಳಿದರೆ "ಹಳೇ ಗಾಡಿ ಸ್ವಾಮಿ, ಏನ್ ಮಾಡೋದು" ಎಂಬ ಉತ್ತರ ಸಿಕ್ಕಿತು. ಬಸ್ಸನ್ನು ನೋಡಿಕೊಳ್ಳುವವರು ಯಾರು, ಅವರನ್ನು ನೋಡಿಕೊಳ್ಳುವವರು ಯಾರು, ಈ ಕೆಲಸವನ್ನು ಖಾಸಗಿಯವರಿಗೆ ಏಕೆ ಒಪ್ಪಿಸಬಾರದು ಎಂದು ನೀವು ಕೇಳಿದ್ದೀರಿ. ಡಿಪೋದ ಹೆಸರನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ಅವರ ಮಾತನ್ನೂ ಕೇಳದೆ ಹೆಸರು ಹಾಕುವುದು ನ್ಯಾಯವಲ್ಲ.

ಮೊದಲಿಗೆ ನಮ್ಮ ಲೇಖನದ ಕೊರತೆಯನ್ನು ಒಪ್ಪಿಕೊಳ್ಳುತ್ತೇನೆ. ಹೊಸ ಬಸ್ಸು ಬಂದಂತೆ ಕೆಟ್ಟು ನಿಲ್ಲುವುದು ತಾನಾಗಿಯೇ ಕಡಿಮೆಯಾಗುತ್ತದೆ ಎಂಬ ಅರ್ಥ ಅದರಲ್ಲಿತ್ತು. ಸರ್ಕಾರದ ಹಾಗೂ ಸಾರಿಗೆ ನಿಗಮಗಳ ವಾಹನಗಳಿಗೆ 15 ವರ್ಷ ದಾಟಿದರೆ ನೋಂದಣಿ ನವೀಕರಣ ಇಲ್ಲವೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದರಿಂದ ತೀರಾ ಹಳೆಯ ಗಾಡಿಗಳು ಹೇಗೂ ಗುಜರಿಗೆ ಹೋಗಲೇಬೇಕು, ಅದು ಒಳ್ಳೆಯದೇ. ಆದರೆ ನೀವೇ ವಿಚಾರಿಸಿ ಬರೆದಂತೆ ನಿಮ್ಮ ಊರಿನ ಬಸ್ಸಿಗೆ ಒಂಬತ್ತು ವರ್ಷ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿವರ್ಷ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಎಫ್‌ಸಿ ಮಾಡಿಸಬೇಕೆಂಬುದು ನಿಯಮವಾದ್ದರಿಂದ, ಆರ್‌ಟಿಒ ಕಚೇರಿಯವರು ಅದನ್ನು ವರ್ಷಕ್ಕೊಮ್ಮೆ ನೋಡುತ್ತಾರೆ. ಉಳಿದ 364 ದಿನ ಅದು ಡಿಪೋದವರ ಕೈಯಲ್ಲಿರುತ್ತದೆ. "ಹಳೇ ಗಾಡಿ" ಎಂಬ ಉತ್ತರವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಉತ್ತರ ಸುಲಭ. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಆರಂಭಿಸಿದ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಗಿ, 1997ರಿಂದ 2000ದ ನಡುವೆ ನಾಲ್ಕಾಗಿ ಒಡೆದರೂ, ಡಿಪೋದ ಒಳಗಿನ ಏಣಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಚಾಲಕ ದೋಷವನ್ನು ಪುಸ್ತಕದಲ್ಲಿ ಬರೆಯುತ್ತಾನೆ, ಮೆಕ್ಯಾನಿಕ್ ಸರಿಪಡಿಸುತ್ತಾನೆ, ಚಾರ್ಜ್‌ಮನ್ ನೋಡಿ ಸಹಿ ಹಾಕುತ್ತಾನೆ. ಅವನ ಮೇಲೆ ಸಹಾಯಕ ಕಾರ್ಯ ಅಧೀಕ್ಷಕರು, ಅವರ ಮೇಲೆ ಡಿಪೋ ಮ್ಯಾನೇಜರ್, ವಿಭಾಗ ಕಚೇರಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಚಾರ್ಜ್‌ಮನ್‌ನನ್ನು ಕಚೇರಿ ಕನ್ನಡದಲ್ಲಿ ಪಾರುಪತ್ತೇಗಾರ ಎನ್ನುವುದೂ ಉಂಟು. ದೇವಸ್ಥಾನದ ಪಾತ್ರೆ ಪಡಗ ಲೆಕ್ಕವಿಟ್ಟು ಕಾಯುವವನಿಗೆ ಇದ್ದ ಹೆಸರು ಗ್ರೀಸು ಮೆತ್ತಿದ ಕೈಯವನಿಗೂ ಬಂದಿರುವುದು ನನಗೆ ಬಹಳ ಸರಿಯಾದ ಮಾತೆನಿಸುತ್ತದೆ. ನಿಮ್ಮ ಪ್ರಶ್ನೆಯ ತಿರುಳೆಲ್ಲ ಇರುವುದು ಈ ಒಬ್ಬ ಮನುಷ್ಯನ ಸಹಿಯಲ್ಲಿ.

ಕೆಲವು ವರ್ಷಗಳ ಹಿಂದೆ ಒಂದು ಡಿಪೋದಲ್ಲಿ ಇಡೀ ರಾತ್ರಿ ಕೂತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬಸ್ಸುಗಳು ಸಾಲಾಗಿ ಒಳಬರುತ್ತಿದ್ದವು: ಡೀಸೆಲ್ ತುಂಬಿಸುವುದು, ತೊಳೆಯುವುದು, ಆಮೇಲೆ ಪಿಟ್ (ಬಸ್ಸಿನ ಅಡಿಭಾಗ ನೋಡಲು ಇಳಿಯುವ ಗುಂಡಿ). ಆ ಚಾರ್ಜ್‌ಮನ್ ಕೈಯಲ್ಲಿ ಟಾರ್ಚು, ಸಣ್ಣ ಸುತ್ತಿಗೆ. ಚಕ್ರದ ನಟ್ಟುಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳುವುದು, ಈಗಷ್ಟೇ ಒಳಬಂದ ಗಾಡಿಯ ಬ್ರೇಕ್ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು ಯಾವುದು ಉಳಿದವುಗಳಿಗಿಂತ ಕಾದಿದೆ ಎಂದು ನೋಡುವುದು, ಗಾಳಿಯ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡುವುದು. ಈ ನೀರು ಬಿಡುವ ಕೆಲಸ ನೋಡಲು ಬಹಳ ಚಿಕ್ಕದು; ಕಂಪ್ರೆಸರ್ ಒಳಗೆಳೆದುಕೊಂಡ ಗಾಳಿಯ ತೇವವೆಲ್ಲ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ, ಬಿಡದಿದ್ದರೆ ಬ್ರೇಕಿನ ವಾಲ್ವುಗಳಿಗೆ ತುಕ್ಕು ಹತ್ತುತ್ತದೆ. ನಿಮ್ಮಂಥ ಮಳೆಸೀಮೆಯಲ್ಲಿ ಅದನ್ನು ಎರಡು ದಿನ ಮರೆತರೂ ಕಷ್ಟ.

ಆ ರಾತ್ರಿ ಒಂದು ಬಸ್ಸಿನ ಪುಸ್ತಕದಲ್ಲಿ "ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತದೆ" ಎಂದು ಮೂರು ದಿನ ಮೂವರು ಚಾಲಕರು ಬರೆದಿದ್ದರು. ಮೂರೂ ದಿನ ಕೆಳಗೆ "ಸರಿಪಡಿಸಿದೆ" ಎಂಬ ಒಂದೇ ಮಾತು ಇತ್ತು. ಎಡಕ್ಕೆ ಎಳೆಯುತ್ತದೆ ಎಂದರೆ ಬಲಗಡೆಯ ಬ್ರೇಕು ಹಿಡಿಯುತ್ತಿಲ್ಲ ಎಂದರ್ಥ. ಮೆಕ್ಯಾನಿಕ್ ಪ್ರತಿರಾತ್ರಿ ಅಡ್ಜಸ್ಟರ್ ತಿರುಗಿಸಿ ಬಿಗಿ ಮಾಡಿ ಕಳಿಸಿದ್ದ. ಚಾರ್ಜ್‌ಮನ್ ಬಲಗಡೆಯ ಮುಂಚಕ್ರವನ್ನು ಬಿಚ್ಚಿಸಿದ. ಹಬ್ಬಿನ ಆಯಿಲ್ ಸೀಲ್ ಹೋಗಿ, ಗ್ರೀಸು ಸೋರಿ, ಡ್ರಮ್ಮಿಗೆ ಒತ್ತಿ ಚಕ್ರವನ್ನು ಹಿಡಿಯುವ ಲೈನರ್ ತೊಯ್ದಿತ್ತು. ಸೀಲೂ ಲೈನರೂ ಉಗ್ರಾಣದಿಂದ ಸಿಗಬೇಕಾದರೆ ಬೆಳಿಗ್ಗೆ ಹತ್ತಾಗಬೇಕು. ಬಸ್ಸು ಐದೂಕಾಲಿಗೆ ಹೊರಡಬೇಕು. ಆತ ಬಸ್ಸನ್ನು ನಿಲ್ಲಿಸಿದ. ಬದಲಿ ಬಸ್ಸು ಇರಲಿಲ್ಲ. ಒಂದು ಟ್ರಿಪ್ಪು ರದ್ದಾಯಿತು. ಫೋನಿನಲ್ಲಿ ಬೈಗುಳವನ್ನೂ ತಿಂದ. ಮರುದಿನದ ವರದಿಯಲ್ಲಿ ರದ್ದಾದ ಕಿಲೋಮೀಟರುಗಳ ಲೆಕ್ಕ ಖಂಡಿತ ಬಂದಿರುತ್ತದೆ. ಘಾಟಿಯ ತಿರುವಿನಲ್ಲಿ ಏನಾಗಬಹುದಿತ್ತು ಎಂಬುದಕ್ಕೆ ಯಾವ ವರದಿಯಲ್ಲೂ ಕಾಲಂ ಇಲ್ಲ.

ನನ್ನ ತಿಳಿವಳಿಕೆಯಲ್ಲಿ ನಿರ್ವಹಣೆಯ ಮೇಲ್ವಿಚಾರಣೆ ಎಂದರೆ ಇದೇ: ಹೇಗೋ ಓಡಬಲ್ಲ ಬಸ್ಸನ್ನು ಡಿಪೋದಲ್ಲೇ ನಿಲ್ಲಿಸುವ ಅಧಿಕಾರ, ಮತ್ತು ಹಾಗೆ ನಿಲ್ಲಿಸಿದವನ ಬೆನ್ನಿಗೆ ಮೇಲಿನವರು ನಿಲ್ಲುವುದು. ಈ ಅಧಿಕಾರ ಕಾಗದದ ಮೇಲೆ ಎಲ್ಲ ಡಿಪೋಗಳಲ್ಲೂ ಇದೆ. ಅದನ್ನು ಬಳಸಲು ಬಿಡದಿರುವುದು ಬಹುತೇಕ ಕಡೆ ಬದಲಿ ಬಸ್ಸುಗಳ ಕೊರತೆ. ಲೆಕ್ಕಕ್ಕೆಂದು ಒಂದು ಡಿಪೋದಲ್ಲಿ 90 ಮಾರ್ಗಗಳಿಗೆ 96 ಬಸ್ಸುಗಳಿವೆ ಎಂದಿಟ್ಟುಕೊಳ್ಳಿ. ಮಿಕ್ಕ ಆರರಲ್ಲಿ ಒಂದು ಎಫ್‌ಸಿಗೆ ಹೋಗಿರುತ್ತದೆ, ಒಂದು ಅಪಘಾತದ ರಿಪೇರಿಯಲ್ಲಿ, ಒಂದು ಎಂಜಿನ್‌ಗಾಗಿ ವರ್ಕ್‌ಶಾಪಿನಲ್ಲಿ. ದಿನಕ್ಕೆರಡು ಡಾಕಿಂಗ್‌ಗೆ ನಿಲ್ಲಬೇಕು. ಉಳಿದದ್ದು ಒಂದು. ಜಾತ್ರೆಯೋ ದಸರೆಯೋ ಬಂದು ವಿಶೇಷ ಬಸ್ಸು ಬಿಡಬೇಕಾದಾಗ, ಮದುವೆಯ ದಿಬ್ಬಣಕ್ಕೆ ಒಪ್ಪಂದದ ಬಸ್ಸು ಕೊಡಬೇಕಾದಾಗ ಮೊದಲು ಕೈಬಿಡುವುದು ಡಾಕಿಂಗನ್ನು. ಡಾಕಿಂಗ್ ಎಂದರೆ ನಿಗದಿತ ಕಿಲೋಮೀಟರುಗಳಿಗೊಮ್ಮೆ ಬಸ್ಸನ್ನು ಇಡೀ ದಿನ ನಿಲ್ಲಿಸಿ, ಚಕ್ರ ಬಿಚ್ಚಿ, ಬ್ರೇಕು, ಸ್ಟೀರಿಂಗ್ ಜೋಡಣೆ, ಪ್ರಾಪೆಲ್ಲರ್ ಶಾಫ್ಟ್, ಕಮಾನು ಪಟ್ಟಿಗಳನ್ನೆಲ್ಲ ಒಂದೊಂದಾಗಿ ನೋಡುವ ಕೆಲಸ. ಒಂದು ವಾರ ಮುಂದೆ ಹಾಕಿದರೆ ಮಾರನೆಯ ದಿನವೇ ಏನೂ ಆಗುವುದಿಲ್ಲ; ಅದನ್ನು ಮುಂದೆ ಹಾಕುವ ಧೈರ್ಯ ಬರುವುದೂ ಇದರಿಂದಲೇ.

ಈಗ ನಿಮ್ಮ ಬಸ್ಸಿನ ವಿಷಯ. ಅದು ನೈಟ್ ಹಾಲ್ಟ್ ಬಸ್ಸು ಎಂಬ ಮಾತನ್ನು ನೀವು ಪತ್ರದಲ್ಲಿ ಎಲ್ಲೋ ಒಂದು ಕಡೆ ಸುಮ್ಮನೆ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಅದೇ ಮುಖ್ಯವಾಗಿ ಕಂಡಿತು. ಡಿಪೋದಲ್ಲಿ ಹೆಚ್ಚು ಕೈಗಳಿರುವುದು, ಬೆಳಗಿನ ಹೊತ್ತಿಗೆ ಬಸ್ಸುಗಳನ್ನು ಸಜ್ಜುಮಾಡಬೇಕಾದ ರಾತ್ರಿ ಪಾಳಿಯಲ್ಲಿ. ಹಳ್ಳಿಯಲ್ಲಿ ತಂಗುವ ಬಸ್ಸು ಆ ಹೊತ್ತಿಗೆ ನಿಮ್ಮೂರ ಅರಳಿಕಟ್ಟೆಯ ಪಕ್ಕದಲ್ಲಿರುತ್ತದೆ. ಅದು ಡಿಪೋದ ಕಣ್ಣಿಗೆ ಬೀಳುವುದು ಮಧ್ಯಾಹ್ನ, ಸಿಬ್ಬಂದಿ ಬದಲಾಗುವ ಒಂದೆರಡು ಗಂಟೆಯಲ್ಲಿ; ಡೀಸೆಲ್ ತುಂಬಿಸಿ ಟೈರಿನ ಗಾಳಿ ನೋಡುವಷ್ಟರಲ್ಲಿ ಹೊರಡುವ ವೇಳೆ. ರಾತ್ರಿ ನಡೆಯಬೇಕಾದ ತಪಾಸಣೆಯನ್ನು ಇಂಥ ಬಸ್ಸುಗಳಿಗೆ ಹಗಲಲ್ಲಿ ಮಾಡುವ ಏರ್ಪಾಟು ಇಲ್ಲದಿದ್ದರೆ, ಅಥವಾ ವಾರಕ್ಕೊಂದು ರಾತ್ರಿ ಬೇರೆ ಗಾಡಿ ಕಳಿಸಿ ಇದನ್ನು ಡಿಪೋದಲ್ಲಿ ಉಳಿಸಿಕೊಳ್ಳದಿದ್ದರೆ, ಅದು ಯಾರ ಕೈಗೂ ಸಿಗದೆ ತಿಂಗಳುಗಟ್ಟಲೆ ಓಡುತ್ತದೆ. ನಿಮ್ಮ ಡಿಪೋದಲ್ಲಿ ಆಗಿರುವುದು ಇದೇ ಎಂದು ನಾನು ಹೇಳುತ್ತಿಲ್ಲ. ನೀವು ಮೊದಲು ಕೇಳಬೇಕಾದ ಪ್ರಶ್ನೆ ಇದು ಎನ್ನುತ್ತಿದ್ದೇನೆ.

ನೀವು ಮನವಿ ಕೊಟ್ಟಾಗ ಅಧಿಕಾರಿಗಳು ತೋರಿಸಿದ ಅಂಕಿಯ ಬಗ್ಗೆಯೂ ಒಂದು ಮಾತು. ನಮ್ಮ ದೇಶದ ಸಾರಿಗೆ ನಿಗಮಗಳು ಹತ್ತು ಸಾವಿರ ಕಿಲೋಮೀಟರಿಗೆ ಎಷ್ಟು ಸಲ ಬಸ್ಸು ಕೆಟ್ಟಿತು ಎಂದು ಲೆಕ್ಕ ಇಡುತ್ತವೆ. ದಿನಕ್ಕೆ 400 ಕಿಲೋಮೀಟರ್ ಓಡುವ ಬಸ್ಸು ಹತ್ತು ಸಾವಿರ ಮುಟ್ಟಲು 25 ದಿನ ಬೇಕು. ಈ ಪ್ರಮಾಣ 0.1 ಇದೆಯೆಂದರೆ ಅಂಥ ಬಸ್ಸು ಸರಾಸರಿ 250 ದಿನಕ್ಕೊಮ್ಮೆ ಕೆಡುತ್ತದೆ ಎಂದಾಯಿತು, ಯಾರೂ ದೂರುವಂತಿಲ್ಲ. ಆದರೆ ಸರಾಸರಿಯೊಳಗೆ ಬಸ್ಸಿನ ನಂಬರು ಇರುವುದಿಲ್ಲ. ಎಂಬತ್ತು ಬಸ್ಸುಗಳು ವರ್ಷವಿಡೀ ಕೆಡದೆ, ನಾಲ್ಕೇ ಬಸ್ಸುಗಳು ಮತ್ತೆ ಮತ್ತೆ ಕೆಡುತ್ತಿದ್ದರೂ ಡಿಪೋದ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಒಂದೇ ಗಾಡಿ, ಒಂದೇ ತಿಂಗಳು, ಮೂರು ಸಲ ಎಂದು ನೀವು ತಾರೀಕು ಸಹಿತ ಬರೆದಿಟ್ಟದ್ದು ಆ ಸರಾಸರಿಗಿಂತ ಬೆಲೆಯುಳ್ಳ ದಾಖಲೆ. ಒಳ್ಳೆಯ ಮೇಲ್ವಿಚಾರಕ ನೋಡುವುದೂ ಹೀಗೆಯೇ. ಡೀಸೆಲ್ಲಿನ ಲೆಕ್ಕವನ್ನೂ ಆತ ಬಸ್ಸುವಾರು ಓದುತ್ತಾನೆ. ಅದೇ ಮಾರ್ಗದಲ್ಲಿ ಲೀಟರಿಗೆ ಐದು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ನಾಲ್ಕೂವರೆಗೆ ಇಳಿದರೆ ಚಾಲಕನಿಗೆ ನೋಟಿಸು ಕೊಡುವವರುಂಟು. ಬ್ರೇಕು ಬಿಗಿದುಕೊಂಡು ಚಕ್ರ ಉಜ್ಜುತ್ತಿದೆಯೋ, ಏರ್ ಫಿಲ್ಟರ್ ಕಟ್ಟಿದೆಯೋ, ಟೈರಿನಲ್ಲಿ ಗಾಳಿ ಕಡಿಮೆಯೋ ಎಂದು ಮೊದಲು ಹುಡುಕುವವರು ಕೆಲವರೇ. ನಾಡಿ ಹಿಡಿಯುವ ವೈದ್ಯರಂತೆ ಇವರು.

ಆದರೆ ನಾಡಿ ಹಿಡಿದು ಎಲ್ಲವನ್ನೂ ತಿಳಿಯುವ ಕಾಲ ಮುಗಿಯುತ್ತಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ಹೊಸ ಮಾನದಂಡದ) ಬಸ್ಸುಗಳಲ್ಲಿ ಹೊಗೆ ಶುದ್ಧಿಗೆ ಪ್ರತ್ಯೇಕ ಟ್ಯಾಂಕಿನಲ್ಲಿ ಯೂರಿಯಾ ದ್ರಾವಣ ತುಂಬಿಸಬೇಕು (ಗದ್ದೆಗೆ ಚೆಲ್ಲುವ ಗೊಬ್ಬರವಲ್ಲ, ಶುದ್ಧ ನೀರಿನಲ್ಲಿ ಕರಗಿಸಿದ, 32.5 ಶೇಕಡಾ ಪ್ರಮಾಣದ ದ್ರಾವಣ). ಅದು ಮುಗಿದರೆ, ಕಳಪೆಯಾದರೆ, ಸೆನ್ಸರ್ ಒಂದು ಹಾಳಾದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಇಳಿಸಿಕೊಳ್ಳುತ್ತದೆ. ಘಾಟಿ ಹತ್ತುವಾಗ ಹೀಗಾದರೆ ಪ್ರಯಾಣಿಕರಿಗೆ ಹೊಸ ಬಸ್ಸೂ ಕೆಟ್ಟ ಬಸ್ಸೇ. ಸದ್ದು ಕೇಳಿ ರೋಗ ಹೇಳುತ್ತಿದ್ದ ಹಿರಿಯ ಮೆಕ್ಯಾನಿಕ್‌ಗೆ ಎಂಜಿನ್ನಿನ ದೋಷ ತೋರಿಸುವ ಸ್ಕ್ಯಾನರ್ ಕೊಟ್ಟು, ಅದನ್ನು ಓದಲು ಕಲಿಸದಿದ್ದರೆ ತಪ್ಪು ಅವನದಲ್ಲ. ನಮ್ಮ ಲೇಖನ ಹೇಳದೆ ಬಿಟ್ಟದ್ದು ಇದನ್ನೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ನೂಕುನುಗ್ಗಲಿನಿಂದಲೇ ಬಸ್ಸುಗಳು ಕೆಡುತ್ತಿವೆ ಎಂದು ನಿಮ್ಮ ಊರಿನಲ್ಲಿ ಕೆಲವರು ಹೇಳುವುದಾಗಿ ಬರೆದಿದ್ದೀರಿ. ಭಾರ ಹೆಚ್ಚಾದರೆ ಕಮಾನು ಪಟ್ಟಿ, ಲೈನರ್, ಟೈರು ಬೇಗ ಸವೆಯುವುದು ನಿಜ. ಆದರೆ ಭಾರ ಹೆಚ್ಚಾಗಿದೆಯೆಂದು ಗೊತ್ತಿದ್ದ ಮೇಲೆ ತಪಾಸಣೆಯ ಅಂತರವನ್ನು ಕಡಿಮೆ ಮಾಡುವುದು ಮೇಲ್ವಿಚಾರಕರ ಕೆಲಸ. ಟಿಕೆಟ್ ಕೊಳ್ಳದೆ ಹತ್ತಿದವರನ್ನು ದೂರಿದರೆ ಲೈನರ್ ಬದಲಾಗುವುದಿಲ್ಲ.

ಖಾಸಗಿಯವರಿಗೆ ಒಪ್ಪಿಸುವ ಸಲಹೆಯನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಬಗೆಯಲ್ಲಿ ಅದು ಈಗಾಗಲೇ ನಡೆದಿದೆ. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಬಹಳಷ್ಟು, 2023ರ ಜನವರಿಯಲ್ಲಿ ಬೆಂಗಳೂರು–ಮೈಸೂರು ನಡುವೆ ಆರಂಭವಾದ ಎಲೆಕ್ಟ್ರಿಕ್ ಬಸ್ಸುಗಳು, ಕಿಲೋಮೀಟರಿಗೆ ಇಷ್ಟೆಂದು ಹಣ ಕೊಡುವ ಒಪ್ಪಂದದಲ್ಲಿ ಓಡುತ್ತಿವೆ; ಬಸ್ಸೂ ಅದರ ನಿರ್ವಹಣೆಯೂ ಕಂಪನಿಯದು. ಆದರೆ ಕಿಲೋಮೀಟರಿಗೆ ಹಣ ಸಿಗುವಾಗ ಬಸ್ಸನ್ನು ನಿಲ್ಲಿಸಿದವನಿಗೆ ನಷ್ಟ. ಆದ್ದರಿಂದ ಪಿಟ್ಟಿಗಿಳಿದು ನೋಡುವ ನಿಗಮದ ಕಣ್ಣು ಅಲ್ಲಿ ಇನ್ನೂ ಚುರುಕಾಗಿರಬೇಕು. ಸ್ಪಾನರ್ ಹಿಡಿಯುವ ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಸಹಿ ಹಾಕುವ ಹೊಣೆಯನ್ನಲ್ಲ. ಇನ್ನು ದಿನಕ್ಕೆರಡು ಟ್ರಿಪ್ಪಿನ ನಿಮ್ಮ ಊರಿನ ಮಾರ್ಗಕ್ಕೆ ಯಾವ ಕಂಪನಿ ಬಂದೀತು ಎಂಬುದನ್ನು ನೀವೇ ಯೋಚಿಸಿ.

ಪತ್ರದ ಕೊನೆಯಲ್ಲಿ ಮೆಕ್ಯಾನಿಕ್‌ನನ್ನು ಅಮಾನತು ಮಾಡಿಸಲು ಪತ್ರಿಕೆ ಒತ್ತಾಯಿಸಬೇಕೆಂದು ಕೇಳಿದ್ದೀರಿ. ಅದನ್ನು ನಾವು ಮಾಡುವುದಿಲ್ಲ. ಅದರ ಬದಲು, ಮಾಹಿತಿ ಹಕ್ಕು ಕಾಯ್ದೆಯಡಿ ವಿಭಾಗ ಕಚೇರಿಗೆ 10 ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕಿ. ಬಸ್ಸಿನ ನಂಬರು ನಮೂದಿಸಿ, ಕಳೆದ ಆರು ತಿಂಗಳಲ್ಲಿ ಅದರ ಡಾಕಿಂಗ್ ಯಾವ ತಾರೀಕಿಗೆ ಆಗಬೇಕಿತ್ತು, ಯಾವ ತಾರೀಕಿಗೆ ಆಯಿತು, ಚಾಲಕರು ಬರೆದ ದೋಷಗಳೇನು, ಅವುಗಳ ಕೆಳಗೆ ಬರೆದದ್ದೇನು, ಸಹಿ ಯಾರದು ಎಂದಷ್ಟೇ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಆರು ಪುಟ ಬರೆಯುವ ನಿಮಗೆ ಇದು ತುಸು ಕಷ್ಟವಾದೀತು, ಕ್ಷಮಿಸಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಂದ ಕೂಡಲೇ ಅದರ ಪ್ರತಿಯನ್ನು ನಮಗೆ ಕಳಿಸಿ. ಡಿಪೋದವರ ವಿವರಣೆಯನ್ನೂ ಕೇಳಿ ಪಡೆದು, ಎರಡನ್ನೂ ಒಂದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ