ಕಾಡಿನ ಕೆಲಸದಿಂದ ಮರಳಿದ ಮಗಳು: ಒಂದು ಆಪ್ತಸಲಹೆ ಪ್ರಕರಣ

ಹುಡುಗಿಯ ಹಾಗೂ ಆಕೆಯ ತಂದೆತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

17 ವರ್ಷದ ಮಗಳನ್ನು ಕರೆತಂದ ದಂಪತಿಗಳ ದೂರು ಸ್ಪಷ್ಟವಾಗಿತ್ತು. ದೀರ್ಘ ರಜೆಯಲ್ಲಿ, ದಟ್ಟ ಅರಣ್ಯದ ಕಾಲುದಾರಿಗಳನ್ನು ದುರಸ್ತಿ ಮಾಡುವ ತಂಡವೊಂದರಲ್ಲಿ ಕೆಲಸಕ್ಕೆ ಹೋಗಿ ಬಂದ ಮೇಲೆ ಅವಳು ಮನೆಯಲ್ಲಿ ಯಾರೊಂದಿಗೂ ಬೆರೆಯುತ್ತಿರಲಿಲ್ಲ, ಸಣ್ಣ ಮಾತಿಗೂ ಸಿಡುಕುತ್ತಿದ್ದಳು, ಓದು ನಿಲ್ಲಿಸಿ ಮತ್ತೆ ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. "ಮಗಳು ನಮ್ಮ ಕೈತಪ್ಪಿದಳು" ಎಂದು ತಾಯಿ ಕಣ್ಣೀರಿಟ್ಟರು.

ಹುಡುಗಿಯೊಂದಿಗೆ ಪ್ರತ್ಯೇಕವಾಗಿ ಮಾತನಾಡುವಾಗ ಮೊದಲು ಕೇಳಬೇಕಾದುದನ್ನು ಕೇಳಿದೆ: ಶಿಬಿರದಲ್ಲಿ ಯಾರಾದರೂ ಅನುಚಿತವಾಗಿ ನಡೆದುಕೊಂಡರೇ, ನಿದ್ರೆ ಮತ್ತು ಹಸಿವು ಹೇಗಿವೆ, ಬದುಕೇ ಬೇಡವೆನ್ನಿಸಿದ್ದುಂಟೇ. ಅಂಥದ್ದೇನೂ ಇರಲಿಲ್ಲ. ಒಂದೊಂದೇ ಪದದಲ್ಲಿ ಉತ್ತರಿಸುತ್ತಿದ್ದವಳು, ಅಲ್ಲಿ ಮಾಡುತ್ತಿದ್ದ ಕೆಲಸವೇನೆಂದು ಕೇಳಿದೊಡನೆ ನೆಟ್ಟಗೆ ಕುಳಿತಳು. ದಾರಿಗೆ ಅಡ್ಡ ಬಿದ್ದ ಮರವನ್ನು ಇಬ್ಬರು ಎದುರುಬದುರು ನಿಂತು ಉದ್ದ ಗರಗಸದಿಂದ ಕೊಯ್ಯುವಾಗ, ಪ್ರತಿಯೊಬ್ಬರೂ ತಮ್ಮ ಕಡೆಗೆ ಎಳೆಯಬೇಕೇ ಹೊರತು ತಳ್ಳಬಾರದು, ತಳ್ಳಿದರೆ ಅಲಗು ಬಾಗಿ ಸಿಕ್ಕಿಕೊಳ್ಳುತ್ತದೆ ಎಂದು ಕೈಯಾಡಿಸಿ ತೋರಿಸಿದಳು. ಅದೇ ಕೈಯಿಂದ ಮನೆಯಲ್ಲಿ ತರಕಾರಿ ಹೆಚ್ಚಲು ಹೋದರೆ, "ಕೈ ಕೊಯ್ದುಕೊಂಡೀಯೆ" ಎಂದು ಅಮ್ಮ ಚಾಕು ಕಸಿದುಕೊಳ್ಳುತ್ತಾರಂತೆ.

ನಂತರ ಹೊಳೆಯ ವಿಷಯ ಬಂತು. ದಾಟುವ ಮುನ್ನ ನೀರು ನೋಡಿ ಬರುವ ಹೊಣೆ ಆ ದಿನ ಅವಳದಾಗಿತ್ತು. ಬೆಳಿಗ್ಗೆ ತಿಳಿಯಾಗಿದ್ದ ನೀರು ಕದಡಿ, ಕಸಕಡ್ಡಿ ತೇಲಿಬರುತ್ತಿದ್ದುದರಿಂದ ಮೇಲ್ಭಾಗದಲ್ಲಿ ಮಳೆಯಾಗಿದೆಯೆಂದು ಊಹಿಸಿ, ದಾಟುವುದು ಬೇಡವೆಂದಳು. ಶಿಬಿರ ಆಚೆ ದಡದಲ್ಲಿದ್ದರೂ ಹಿರಿಯರು ಅವಳ ಮಾತಿಗೆ ಬೆಲೆ ಕೊಟ್ಟು ಈಚೆಯೇ ರಾತ್ರಿ ಕಳೆದರು. ಸ್ವಲ್ಪ ಹೊತ್ತಿನಲ್ಲೇ ಹೊಳೆ ಉಕ್ಕಿತು. ಆ ರಾತ್ರಿ ತಾನು ಮುಸುಕೆಳೆದುಕೊಂಡು ಅತ್ತದ್ದನ್ನು, ತಪ್ಪು ಹೇಳಿದ್ದರೆ ಏನಾಗುತ್ತಿತ್ತೆಂಬ ಭಯ ಈಗಲೂ ಬರುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬಾಲ್ಯದಿಂದ ಪ್ರೌಢತೆಗೆ ಸಾಗುವಂಥ ಸ್ಥಿತ್ಯಂತರಗಳನ್ನು ಅಧ್ಯಯನ ಮಾಡಿದ ಆರ್ನಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸ, 1909ರಲ್ಲಿಯೇ ಅವುಗಳಲ್ಲಿ ಮೂರು ಹಂತಗಳನ್ನು ಗುರುತಿಸಿದ್ದರು: ಹಳೆಯ ಸ್ಥಾನದಿಂದ ಬೇರ್ಪಡುವುದು, ಎರಡರ ನಡುವಿನ ಅವಧಿ, ಹೊಸ ಸ್ಥಾನದೊಂದಿಗೆ ಸಮುದಾಯಕ್ಕೆ ಮರಳಿ ಸೇರುವುದು. ಈ ಹುಡುಗಿಗೆ ಮೊದಲೆರಡು ಹಂತಗಳು ಕಾಡಿನಲ್ಲಿ ಮುಗಿದಿದ್ದವು, ಮೂರನೆಯದಕ್ಕೆ ಮನೆಯಲ್ಲಿ ಎಡೆ ಸಿಕ್ಕಿರಲಿಲ್ಲ ಎಂಬುದು ನನ್ನ ತೀರ್ಮಾನ. ಹಾಗೆಂದು ಅವಳು ಎಲ್ಲ ವಿಷಯದಲ್ಲೂ ದೊಡ್ಡವಳಾದಳೆಂದು ಒಪ್ಪಲು ನಾನು ಸಿದ್ಧನಿರಲಿಲ್ಲ. ಮುಂದಾಲೋಚನೆಗೆ ಮತ್ತು ಆವೇಗಗಳ ನಿಯಂತ್ರಣಕ್ಕೆ ನೆರವಾಗುವ ಮಿದುಳಿನ ಮುಂಭಾಗ ಇಪ್ಪತ್ತರ ನಡುವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಹೊಳೆಯ ಬಗ್ಗೆ ಸರಿಯಾಗಿ ನಿರ್ಧರಿಸಿದವಳೇ ಸಿಟ್ಟಿನ ಭರದಲ್ಲಿ ಓದು ಬಿಡುವ ಮಾತಾಡಬಲ್ಲಳು, ಮತ್ತು ಎರಡೂ ಅವಳ ವಯಸ್ಸಿಗೆ ಸಹಜ.

ತಂದೆತಾಯಿಗೆ ನಾನು ಹೇಳಿದ್ದು ಇಷ್ಟು. ಅವಳು ಅಲ್ಲಿಯ ಅನುಭವ ಹೇಳುವಾಗ ನಡುವೆ ಬುದ್ಧಿವಾದ ಬೇಡ, ಪೂರ್ತಿ ಕೇಳಿಸಿಕೊಳ್ಳಿ. ಮನೆಯಲ್ಲಿ ನಿಜವಾದ ಪರಿಣಾಮವಿರುವ ಒಂದು ಹೊಣೆಯನ್ನು ಅವಳಿಗೆ ಪೂರ್ತಿಯಾಗಿ ವಹಿಸಿಕೊಡಿ. ಅಜ್ಜಿಯನ್ನು ವೈದ್ಯರ ಬಳಿ ಕರೆದೊಯ್ಯುವುದು, ಅವರು ಬರೆದುಕೊಟ್ಟ ಔಷಧಿ ಮುಗಿಯುವ ಮುನ್ನ ತಂದಿಡುವುದು ಇವೆಲ್ಲ ಅವಳದೇ ಆಗಲಿ ಎಂದು ಅವರೇ ಆರಿಸಿಕೊಂಡರು. ಕೊಟ್ಟ ಮೇಲೆ ಬೆನ್ನ ಹಿಂದೆ ನಿಂತು ಪರೀಕ್ಷಿಸಬಾರದೆಂದು ನಾನು ಒತ್ತಿ ಹೇಳಿದೆ. ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟೆ: ಎರಡು ವಾರಕ್ಕೂ ಮೀರಿ ಮಂಕಾಗಿಯೇ ಇದ್ದು, ಪ್ರಿಯವಾದದ್ದರಲ್ಲೂ ಆಸಕ್ತಿ ಕಳೆದುಕೊಂಡು, ನಿದ್ರೆ ಮತ್ತು ಊಟ ಏರುಪೇರಾದರೆ ಮನೋವೈದ್ಯರನ್ನು ಕಾಣಲು ತಡಮಾಡಬಾರದು.

ಹುಡುಗಿಗೆ ಹೇಳಿದ್ದು ಬೇರೆ. "ನಿನ್ನನ್ನು ಅಲ್ಲಿ ನೋಡಿದವರು ತಂಡದವರು, ಅಪ್ಪ ಅಮ್ಮ ನೋಡಿಲ್ಲ, ನೀನು ಹೇಳದೆ ಅವರಿಗೆ ತಿಳಿಯುವುದು ಹೇಗೆ?" ಎಂದೆ. ಧೈರ್ಯದ ಭಾಗವನ್ನಷ್ಟೇ ಹೇಳಿ ಭಯವನ್ನು ಮುಚ್ಚಿಟ್ಟರೆ ಅವರಿಗೆ ಅರ್ಧ ಮಗಳು ಮಾತ್ರ ಸಿಗುತ್ತಾಳೆ ಎಂದು ವಿವರಿಸಿದೆ. ಮುಂದಿನ ಭೇಟಿಯಲ್ಲಿ ಮೂವರೂ ಇದ್ದಾಗ ಅವಳು ಹೊಳೆಯ ಕಥೆಯನ್ನು ಅಳುವಿನ ಸಮೇತ ಹೇಳಿದಳು, ತಂದೆ ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದರು. ಓದಿನ ಬಗ್ಗೆ ಸಿಟ್ಟಿನಲ್ಲಿರುವಾಗ ತೀರ್ಮಾನ ಬೇಡವೆಂಬುದಕ್ಕೆ ಅವಳು ಒಪ್ಪಿದಳು. ಕಾಡಿನಲ್ಲಿ ರೂಢಿಯಾದ ಬೇಗ ಮಲಗಿ ಬೇಗ ಏಳುವ ಅಭ್ಯಾಸವನ್ನು ಬಿಡಬೇಡವೆಂದೂ ಸೂಚಿಸಿದೆ. ಹದಿಹರೆಯಕ್ಕೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು, ಸಿಡುಕಿನ ಒಂದು ಪಾಲು ನಿದ್ರೆಗೇಡಿನಿಂದಲೂ ಬರುತ್ತದೆ.

ಮತ್ತೆ ಕೆಲಸಕ್ಕೆ ಹೋಗುವ ಪ್ರಶ್ನೆಯನ್ನು ಭಾವನೆಯಿಂದ ಬಿಡಿಸಿ ಸುರಕ್ಷತೆಯ ಮೇಲೆ ನಿಲ್ಲಿಸಲು ಯತ್ನಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1999ರ ಒಪ್ಪಂದವು 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರನ್ನು ಅಪಾಯಕಾರಿ ಕೆಲಸದಿಂದ ದೂರವಿಡಬೇಕೆನ್ನುತ್ತದೆ. ಯಂತ್ರದ ಗರಗಸ ಯಾರ ಕೈಯಲ್ಲಿರುತ್ತದೆ, ಪ್ರಥಮ ಚಿಕಿತ್ಸೆಯ ತರಬೇತಿ ಯಾರಿಗಿದೆ, ಗಾಯವಾದರೆ ಸಂಪರ್ಕಿಸುವ ಸಾಧನವೇನು, ಹುಡುಗಿಯರ ಬಿಡಾರದ ಹೊಣೆ ಯಾರದು ಎಂಬ ಪ್ರಶ್ನೆಗಳನ್ನು ತಂದೆ ಬರೆದುಕೊಂಡರು. ಅವನ್ನು ಮಗಳೇ ತಂಡದ ಮುಖ್ಯಸ್ಥರಲ್ಲಿ ಕೇಳಲಿ ಎಂದೆ. ಅವಳು ಕೇಳಿದ್ದಾಳೆ, ಕೊನೆಯ ಪ್ರಶ್ನೆಗೆ ಬಂದ ಉತ್ತರ ಸಾಲದೆಂದು ಅವಳಿಗೇ ಅನ್ನಿಸಿ, ಸ್ಪಷ್ಟೀಕರಣ ಕೋರಿ ಮತ್ತೆ ಬರೆದಿದ್ದಾಳೆ. ಅದು ಬಂದ ಮೇಲೆ ಮೂವರೂ ಕೂತು ನಿರ್ಧರಿಸುವುದೆಂದು ಮಾತಾಗಿದೆ.